ನಾಲ್ಕು ವರ್ಷದ ಓದುಗ

ಮೇಷ್ಟ್ರು: ಒಂಬತ್ತರಿಂದ ಹದಿಮೂರು ವಯಸ್ಸಿನ ಮಕ್ಕಳಿಗೆ ಬರೆಯುವವರೆಲ್ಲ ಒಂದು ಕೂಟ ಕಟ್ಟಿಕೊಳ್ಳಬೇಕು, ಒಬ್ಬರ ಪುಸ್ತಕವನ್ನು ಇನ್ನೊಬ್ಬರು ಊರೂರಿಗೆ ಒಯ್ಯಬೇಕು ಅಂತೀರಲ್ಲಮ್ಮ, ಅದರ ಮೇಲೆ ನನಗೆ ಎರಡು ತಕರಾರಿವೆ. ಕನ್ನಡದಲ್ಲಿ ಮಕ್ಕಳಿಗಾಗಿ ಆದ ದೊಡ್ಡ ಕೆಲಸಗಳು ಬಹುಪಾಲು ಒಬ್ಬೊಬ್ಬರೇ ಕೂತು ಮಾಡಿದವು. ಶಿವರಾಮ ಕಾರಂತರು 1936ರಲ್ಲಿ ‘ಬಾಲ ಪ್ರಪಂಚ’ದ ಮೂರು ಸಂಪುಟ ತಂದದ್ದು ಒಬ್ಬ ಮನುಷ್ಯನ ಹಟದಿಂದ. ಕುವೆಂಪು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಬರೆದದ್ದಾಗಲಿ, ರಾಜರತ್ನಂ ‘ತುತ್ತೂರಿ’ ಬರೆದದ್ದಾಗಲಿ ಯಾವ ಸಮಿತಿಯ ಠರಾವಿನಿಂದಲೂ ಅಲ್ಲ. ಬರವಣಿಗೆ ಒಂಟಿ ಮನಸ್ಸಿನ ಕೆಲಸ, ಅದು ಸಭೆಯಲ್ಲಿ ಆಗುವುದಿಲ್ಲ. ಇನ್ನು ಮಕ್ಕಳ ಸಾಹಿತಿಗಳಿಗೆ ಮನ್ನಣೆ ಸಿಕ್ಕಿಲ್ಲ, ಆದ್ದರಿಂದ ಸಂಘಟನೆ ಬೇಕು ಅನ್ನುವ ಮಾತನ್ನಂತೂ ಒಪ್ಪಲಾರೆ. ಪಂಜೆ ಮಂಗೇಶರಾಯರನ್ನು 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನಕ್ಕೆ, ಕಾರಂತರನ್ನು 1955ರಲ್ಲಿ ಮೈಸೂರಿನದಕ್ಕೆ, ರಾಜರತ್ನಂ ಅವರನ್ನು 1978ರಲ್ಲಿ ದೆಹಲಿಯದಕ್ಕೆ ಅಧ್ಯಕ್ಷರನ್ನಾಗಿ ಕೂರಿಸಿದ ನಾಡು ಇದು. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಮಕ್ಕಳ ಪುಸ್ತಕಕ್ಕೇ ಬೇರೆ ಪುರಸ್ಕಾರ ಕೊಡುತ್ತಿದೆ. ಹೀಗಿರುವಾಗ ಕೂಟ ಯಾತಕ್ಕೆ?

ಸಂಪಾದಕಿ: ನೀವು ಹೇಳಿದ ಎರಡೂ ಮಾತು ಬರೆಯುವವರ ಕಡೆಯಿಂದ ಬಂದವು, ಮೇಷ್ಟ್ರೇ. ನಾನು ಓದುವವರ ಕಡೆಯಿಂದ ಲೆಕ್ಕ ಹಾಕುತ್ತಿದ್ದೇನೆ. ದೊಡ್ಡವರಿಗೆ ಬರೆಯುವ ಕಾದಂಬರಿಕಾರನಿಗೆ ಓದುಗ ಒಮ್ಮೆ ಒಲಿದರೆ ಜೀವಮಾನದ ನಂಟು. 1965ರಲ್ಲಿ ‘ವಂಶವೃಕ್ಷ’ ಓದಿ ಭೈರಪ್ಪನವರನ್ನು ಮೆಚ್ಚಿದವರೇ 2017ರಲ್ಲಿ ‘ಉತ್ತರಕಾಂಡ’ಕ್ಕೂ ಕಾದು ನಿಂತಿದ್ದರು. ಅರ್ಧ ಶತಮಾನದ ಓದುಗರು! ಒಬ್ಬರು ಇನ್ನೊಬ್ಬರಿಗೆ ಹೇಳುತ್ತಾರೆ, ಹೆಸರು ಬೆಳೆಯುತ್ತದೆ, ಹಳೆಯ ಪುಸ್ತಕಗಳನ್ನು ಹೊಸ ಪುಸ್ತಕ ಮತ್ತೆ ಎತ್ತಿ ಹಿಡಿಯುತ್ತದೆ. ಹತ್ತು ವರ್ಷದ ಹುಡುಗಿ ಹಾಗಲ್ಲ. ಅವಳು ಒಬ್ಬ ಲೇಖಕನನ್ನು ಎಷ್ಟೇ ಪ್ರೀತಿಸಲಿ, ಹದಿನಾಲ್ಕಕ್ಕೆ ಬಂದಳೆಂದರೆ ಬೇರೆ ಕಪಾಟಿಗೆ ಕೈ ಚಾಚುತ್ತಾಳೆ. ಚಾಚಲೇಬೇಕು, ಅದು ಬೆಳವಣಿಗೆ. ಈ ವಯಸ್ಸಿಗೆ ಬರೆಯುವವನ ಓದುಗ ನಾಲ್ಕು ವರ್ಷದ ಓದುಗ. ಅವನು ಗಳಿಸಿದ ಹೆಸರು ನಾಲ್ಕು ವರ್ಷಕ್ಕೊಮ್ಮೆ ಅಳಿಸಿಹೋಗುತ್ತದೆ, ಹೊಸದಾಗಿ ಬಂದ ಮಕ್ಕಳಿಗೆ ಮೊದಲಿನಿಂದ ಪರಿಚಯ ಆಗಬೇಕು. ಶಾಲೆಯ ಬೆಂಚಿನ ಹಾಗೆ ಇದು. ಕೂರುವವರು ಬದಲಾಗುತ್ತಲೇ ಇರುತ್ತಾರೆ, ಬೆಂಚು ಅಲ್ಲೇ ಇರಬೇಕಾಗುತ್ತದೆ. ಒಬ್ಬ ಲೇಖಕ ಬೆಂಚಾಗಲಾರ. ಪ್ರಮಾಣದ ಮಾತೂ ಇದೆ. ಓದಿನ ರುಚಿ ಹತ್ತಿದ ಮಗು ಈ ವಯಸ್ಸಿನಲ್ಲಿ ಓದುವಷ್ಟು ಆಸೆಯಿಂದ ಮುಂದೆ ಯಾವತ್ತೂ ಓದುವುದಿಲ್ಲ. ವಾರಕ್ಕೊಂದು ಪುಸ್ತಕ ಅಂದುಕೊಂಡರೂ ನಾಲ್ಕು ವರ್ಷಕ್ಕೆ ಇನ್ನೂರು ದಾಟುತ್ತದೆ. ಯಾವ ಲೇಖಕ ಅಷ್ಟು ಬರೆದಾನು? ನನ್ನ ಪುಸ್ತಕ ಮುಗಿಸಿದ ಮಗುವಿನ ಕೈಗೆ ಮರುದಿನ ನಿಮ್ಮ ಪುಸ್ತಕ ಸಿಗದಿದ್ದರೆ, ಮುಂದಿನ ವರ್ಷ ನನ್ನ ಹೊಸ ಪುಸ್ತಕ ಬರುವ ಹೊತ್ತಿಗೆ ಆ ಮಗು ಓದುವ ಮಗುವಾಗಿ ಉಳಿದಿರುವುದಿಲ್ಲ. ದೊಡ್ಡವರ ಸಾಹಿತ್ಯದಲ್ಲಿ ಇನ್ನೊಬ್ಬ ಲೇಖಕ ನನಗೆ ಪೈಪೋಟಿ ಅನ್ನಿಸಬಹುದು. ಇಲ್ಲಿ ಅವನಿಲ್ಲದೆ ನನಗೆ ಓದುಗನೇ ಇಲ್ಲ. ಕೂಟ ಬೇಕು ಅನ್ನುವುದು ಇದಕ್ಕೆ. ಮನ್ನಣೆಗಾಗಿ ಅಲ್ಲ.

ಮೇಷ್ಟ್ರು: ಲೆಕ್ಕ ಸರಿಯಾಗಿದೆ. ಆದರೆ ಲೆಕ್ಕ ಕಾಗದದ ಮೇಲೆ ಯಾವಾಗಲೂ ಸರಿಯಾಗಿಯೇ ಇರುತ್ತದೆ. ಲೇಖಕರು ನಿಜವಾಗಿ ಕೂಡಿಕೊಂಡು, ಈ ವಯಸ್ಸಿನ ಮಕ್ಕಳಿಗಾಗಿಯೇ ದುಡಿದು, ಅದರಿಂದ ಬಾಳುವಂಥ ಪುಸ್ತಕಗಳು ಹುಟ್ಟಿದ ಉದಾಹರಣೆ ಇದ್ದರೆ ಹೇಳಿ. ಸಭೆ ಮಾಡಿದ್ದು, ಫೋಟೋ ತೆಗೆಸಿಕೊಂಡದ್ದು ಬೇಡ. ಪುಸ್ತಕ ಹುಟ್ಟಿರಬೇಕು.

ಸಂಪಾದಕಿ: ಕಲಕತ್ತೆಯ ‘ಸಂದೇಶ್’ ಪತ್ರಿಕೆಯ ಚರಿತ್ರೆಯನ್ನು ಇದೇ ಕಣ್ಣಿನಿಂದ ನೋಡಿ. ಅದು ಎರಡು ಜನ್ಮ ಕಂಡ ಪತ್ರಿಕೆ, ಎರಡರ ನಡುವಿನ ವ್ಯತ್ಯಾಸದಲ್ಲೇ ನನ್ನ ವಾದವಿದೆ. 1913ರಲ್ಲಿ ಅದನ್ನು ಶುರು ಮಾಡಿದವರು ಉಪೇಂದ್ರಕಿಶೋರ್ ರಾಯ್ ಚೌಧುರಿ. ಕತೆಗಾರ, ಚಿತ್ರಕಾರ, ಹಾಫ್‌ಟೋನ್ ಬ್ಲಾಕ್ ಮುದ್ರಣದಲ್ಲಿ ಹೊಸ ದಾರಿ ಹುಡುಕಿದ ತಂತ್ರಜ್ಞ, ಎಲ್ಲ ಅವರೇ. ಎರಡೇ ವರ್ಷದಲ್ಲಿ ಅವರು ತೀರಿಕೊಂಡರು. ಪತ್ರಿಕೆ ಮಗ ಸುಕುಮಾರ್ ರಾಯ್ ಕೈಗೆ ಬಂತು. ಅವರ ‘ಆಬೋಲ್ ತಾಬೋಲ್’ನ ಪದ್ಯಗಳು ಮೊದಲು ಬಂದದ್ದು ಈ ಪತ್ರಿಕೆಯ ಪುಟಗಳಲ್ಲೇ. 1923ರಲ್ಲಿ ಸುಕುಮಾರ್ ಕೂಡ ಎಳೆಯ ವಯಸ್ಸಿನಲ್ಲಿ ಹೋದರು. ಕೆಲವೇ ವರ್ಷದಲ್ಲಿ ಮನೆತನದ ಮುದ್ರಣ ಸಂಸ್ಥೆ ಮುಳುಗಿತು, ಪತ್ರಿಕೆ ನಿಂತಿತು; ಮೂವತ್ತರ ದಶಕದಲ್ಲಿ ಸ್ವಲ್ಪ ಕಾಲ ಉಸಿರಾಡಿ ಮತ್ತೆ ನಿಂತಿತು. ಬಂಗಾಳದ ಮಕ್ಕಳಿಗೆ ಸಿಕ್ಕ ಅತ್ಯುತ್ತಮ ಪತ್ರಿಕೆ ಒಂದು ಮನೆಯ ಆಯಸ್ಸನ್ನೂ ಒಂದು ಅಂಗಡಿಯ ಲಾಭ ನಷ್ಟವನ್ನೂ ನೆಚ್ಚಿಕೊಂಡಿತ್ತು. ಆ ಮನೆ ಸೋತಾಗ ಅದೂ ಸೋತಿತು. 1961ರಲ್ಲಿ ಮೊಮ್ಮಗ ಸತ್ಯಜಿತ್ ರಾಯ್ ಮತ್ತು ಕವಿ ಸುಭಾಷ್ ಮುಖೋಪಾಧ್ಯಾಯ ಸೇರಿ ಅದನ್ನು ಮತ್ತೆ ಎಬ್ಬಿಸಿದರು. ಈ ಸಲ ಅದನ್ನು ಮನೆಯ ಆಸ್ತಿಯಾಗಿ ಉಳಿಸಿಕೊಳ್ಳಲಿಲ್ಲ. 1963ರಲ್ಲಿ ಸುಕುಮಾರ್ ಸಾಹಿತ್ಯ ಸಮವಾಯ್ ಸಮಿತಿ ಎಂಬ ಸಹಕಾರ ಸಂಘ ಕಟ್ಟಿ, ಪತ್ರಿಕೆಯನ್ನು ಅದರ ಕೈಗಿಟ್ಟರು. ಲೀಲಾ ಮಜುಂದಾರ್ ಸಂಪಾದಕಿಯಾಗಿ ಬಂದರು, ಆಮೇಲೆ ನಳಿನಿ ದಾಸ್ ಬಂದರು. ಲಾಭ ಮಾಡುವ ಉದ್ದೇಶವೇ ಇಲ್ಲದ ಆ ಸಂಘ ಸತ್ಯಜಿತ್ ರಾಯ್ 1992ರಲ್ಲಿ ತೀರಿಕೊಂಡ ಮೇಲೂ ಪತ್ರಿಕೆಯನ್ನು ಬಿಡಲಿಲ್ಲ.

ಪುಸ್ತಕ ಹುಟ್ಟಿತೇ ಅಂದಿರಿ. 1961ರ ಹೊತ್ತಿಗೆ ಸತ್ಯಜಿತ್ ಜಗತ್ತಿಗೆ ಗೊತ್ತಿದ್ದ ಚಿತ್ರ ನಿರ್ದೇಶಕ. ‘ಪಥೇರ್ ಪಾಂಚಾಲಿ’ ಬಂದು ಆರು ವರ್ಷ ಆಗಿತ್ತು. ಬಂಗಾಳಿಯಲ್ಲಿ ಕತೆಗಾರ ಅಂತ ಅವರನ್ನು ಯಾರೂ ಕರೆಯುತ್ತಿರಲಿಲ್ಲ. ತಿಂಗಳು ತಿಂಗಳು ಪುಟ ತುಂಬಿಸಬೇಕಾದ ಹೊಣೆ ಹೆಗಲ ಮೇಲೆ ಬಿದ್ದಾಗ ಅದೇ ವರ್ಷ ಪ್ರೊಫೆಸರ್ ಶೋಂಕು ಎಂಬ ಕಥಾನಾಯಕ ಹುಟ್ಟಿದ, 1965ರ ಡಿಸೆಂಬರ್ ಸಂಚಿಕೆಯಲ್ಲಿ ಪತ್ತೇದಾರ ಫೆಲೂದಾ ಹುಟ್ಟಿದ. ಫೆಲೂದಾ ಕತೆಗಳನ್ನು ಹೇಳುವವನು ಆ ಪತ್ತೇದಾರನಲ್ಲ, ಅವನ ಜೊತೆ ಓಡಾಡುವ ತೋಪ್ಶೆ ಎಂಬ ಹುಡುಗ. ಯಾವ ವಯಸ್ಸಿನ ಓದುಗನನ್ನು ಎದುರಿಗೆ ಕೂರಿಸಿಕೊಂಡು ಬರೆದರು ಅನ್ನುವುದು ಅಷ್ಟರಲ್ಲೇ ಗೊತ್ತಾಗುತ್ತದೆ. ಅದೇ ಪತ್ರಿಕೆಯಲ್ಲಿ ನಳಿನಿ ದಾಸ್ ನಾಲ್ವರು ಶಾಲಾ ಹುಡುಗಿಯರನ್ನು ಪತ್ತೇದಾರರನ್ನಾಗಿ ಮಾಡಿ ‘ಗಂಡಾಲು’ ಕತೆಗಳನ್ನು ಬರೆದರು. ಹುಡುಗರ ಸಾಹಸ ಒಬ್ಬರಿಂದ, ಹುಡುಗಿಯರ ಸಾಹಸ ಇನ್ನೊಬ್ಬರಿಂದ. ಓದುವ ಮಕ್ಕಳಿಗೆ ಎರಡೂ ಒಂದೇ ಕಡೆ. ‘ಕೂಟ ಬರೆಯಲಾರದು’ ಅಂದಿರಲ್ಲ, ನಿಜ. ಆದರೆ ಬರೆಯದೇ ಇರಬಹುದಾಗಿದ್ದ ಒಬ್ಬನನ್ನು ಅದು ಬರೆಯುವಂತೆ ಮಾಡಿತು.

ಮೇಷ್ಟ್ರು: ಒಳ್ಳೆಯ ಉದಾಹರಣೆ. ಆದರೂ ಕೇಳುತ್ತೇನೆ. ಲೀಲಾ ಮಜುಂದಾರ್ ಉಪೇಂದ್ರಕಿಶೋರರ ತಮ್ಮನ ಮಗಳು. ನಳಿನಿ ದಾಸ್ ಸತ್ಯಜಿತರ ಸೋದರತ್ತೆಯ ಮಗಳು. ಸಹಕಾರ ಸಂಘ ಅಂತ ಹೆಸರಿಟ್ಟರೂ ಅದು ಮೂರು ತಲೆಮಾರು ಪ್ರತಿಭೆ ಹರಿದ ಒಂದೇ ಮನೆ. ಅಂಥ ಮನೆ ಎಲ್ಲ ಭಾಷೆಗೂ ಸಿಗುವುದಿಲ್ಲ. ಇನ್ನೊಂದು, ಸಂಘಕ್ಕೆ ಅಷ್ಟು ಶಕ್ತಿ ಇದ್ದಿದ್ದರೆ ಫೆಲೂದಾ ಅಲ್ಲೇ ಉಳಿಯಬೇಕಿತ್ತು. 1970ರಿಂದ ಆ ಕಾದಂಬರಿಗಳು ದೊಡ್ಡವರ ‘ದೇಶ್’ ಪತ್ರಿಕೆಯ ಪೂಜಾ ಸಂಚಿಕೆಗಳಲ್ಲಿ ಬರತೊಡಗಿದವಲ್ಲ? ದೊಡ್ಡ ಪತ್ರಿಕೆ ಕರೆದ ಕೂಡಲೇ ದೊಡ್ಡ ಲೇಖಕ ಹೋದ. ಕನ್ನಡದಲ್ಲಿ ಮಾತ್ರ ಬೇರೆ ಆಗುತ್ತದೆಯೇ?

ಸಂಪಾದಕಿ: ಬೇರೆ ಆಗುವುದಿಲ್ಲ, ಆಗಬೇಕೆಂದು ಕೇಳುವುದೂ ನ್ಯಾಯವಲ್ಲ. ಲೇಖಕನಿಗೆ ಸಂಸಾರವಿದೆ, ಹೆಚ್ಚು ಸಂಭಾವನೆ ಕೊಡುವ ಕಡೆ ಅವನು ಬರೆಯುತ್ತಾನೆ. ಆದರೆ ‘ದೇಶ್’ ಕರೆದದ್ದು ಫೆಲೂದಾ ಹುಟ್ಟಿದ ಮೇಲೆ, ಓದುಗರು ಅವನಿಗಾಗಿ ಕಾಯತೊಡಗಿದ ಮೇಲೆ. ಹೊಸದನ್ನು ಎದೆಗವಚಿ ಬೆಳೆಸಿದ್ದು ಚಿಕ್ಕ ಪತ್ರಿಕೆ, ಫಲಕ್ಕೆ ಬಂದಾಗ ಕರೆದುಕೊಂಡದ್ದು ದೊಡ್ಡ ಪತ್ರಿಕೆ. ಚಿಕ್ಕದು ಇಲ್ಲದಿದ್ದರೆ ದೊಡ್ಡದಕ್ಕೆ ಕರೆಯಲು ಯಾರಿದ್ದರು? ಇನ್ನು ಮನೆತನದ ಮಾತು. ಮನೆಯವರು ಮುಂದೆ ನಿಂತರು, ಒಪ್ಪುತ್ತೇನೆ. ಸುಭಾಷ್ ಮುಖೋಪಾಧ್ಯಾಯ ಆ ಮನೆಯವರಲ್ಲ. ಅದಕ್ಕಿಂತ ಮುಖ್ಯವಾಗಿ, ಮನೆಯವರೇ ಆಗಿದ್ದರೂ ಪತ್ರಿಕೆಯನ್ನು ಮನೆಯಿಂದ ಹೊರಗಿಡಬೇಕು ಅನ್ನುವ ತಿಳಿವಳಿಕೆ ಅವರಿಗೆ ಬಂತು. ಮೊದಲ ಜನ್ಮದ ಸಾವಿನಿಂದ ಕಲಿತ ಪಾಠ ಅದು. ರಕ್ತಸಂಬಂಧದ ಹಂಗಿಲ್ಲದೆ ಕೂಡಿದವರ ಉದಾಹರಣೆ ಬೇಕಾದರೆ ನಮ್ಮ ನೆರೆಯಲ್ಲೇ ಇದೆ. 1945ರಲ್ಲಿ ಕೊಟ್ಟಾಯಂನಲ್ಲಿ ಹನ್ನೆರಡು ಜನ ಮಲಯಾಳಂ ಲೇಖಕರು 120 ರೂಪಾಯಿ ಬಂಡವಾಳ ಹಾಕಿ ಸಾಹಿತ್ಯ ಪ್ರವರ್ತಕ ಸಹಕರಣ ಸಂಘಂ ಕಟ್ಟಿದರು. ಎಂ.ಪಿ. ಪಾಲ್ ಅಧ್ಯಕ್ಷರು, ಶಾಲಾ ಮೇಷ್ಟ್ರಾಗಿದ್ದ ಕತೆಗಾರ ಕಾರೂರು ನೀಲಕಂಠ ಪಿಳ್ಳೆ ಕಾರ್ಯದರ್ಶಿ. ಲೇಖಕರಿಗೆ ಶೇ. 30ರಷ್ಟು ಗೌರವಧನ ಕೊಟ್ಟ ಸಂಘ ಅದು; ಆಗಿನ ಪ್ರಕಾಶಕರು ಕನಸಿನಲ್ಲೂ ಕೊಡದ ದರ. ಅದು ಮಕ್ಕಳಿಗಾಗಿ ಹುಟ್ಟಿದ್ದಲ್ಲ. ಆದರೆ ಕಾಲೂರಿದ ಮೇಲೆ ಹತ್ತಾರು ಮಕ್ಕಳ ಪುಸ್ತಕಗಳನ್ನು ಒಂದೇ ಪೆಟ್ಟಿಗೆಯಲ್ಲಿಟ್ಟು ‘ಸಮ್ಮಾನಪ್ಪೆಟ್ಟಿ’ ಅಂತ ಮನೆಮನೆಗೆ ಮುಟ್ಟಿಸಿತು. ಆ ಪೆಟ್ಟಿಗೆಯ ಉಪಾಯ ನನಗೆ ತುಂಬಾ ಹಿಡಿಸುತ್ತದೆ. ಒಂದು ಪುಸ್ತಕ ಮಾರಿದರೆ ಒಬ್ಬ ಲೇಖಕನಿಗೆ ಗಿರಾಕಿ ಸಿಕ್ಕ. ಪೆಟ್ಟಿಗೆ ಮಾರಿದರೆ ಒಂದು ಮಗುವಿಗೆ ತಿಂಗಳುಗಟ್ಟಲೆ ಓದಲು ಸಿಕ್ಕಿತು, ಹೆಸರೇ ಕೇಳದ ಲೇಖಕನೂ ಹೆಸರಾದವನ ಜೊತೆ ಮನೆಯೊಳಗೆ ಬಂದ.

ಮೇಷ್ಟ್ರು: ಹೊರಗಿನವರ ಮಾತು ಸಾಕು, ನಮ್ಮವರ ಕಡೆ ಬರೋಣ. ನಾವು ಕೂಡಿಕೊಂಡೇ ಇಲ್ಲ ಅಂದರೆ ತಪ್ಪಾಗುತ್ತದೆ. ನೂರು ವರ್ಷದ ಹಿಂದೆಯೇ ಪಂಜೆ ಮಂಗೇಶರಾಯರು ಮಂಗಳೂರಿನಲ್ಲಿ ಬಾಲ ಸಾಹಿತ್ಯ ಮಂಡಲ ಕಟ್ಟಿದ್ದರು. ನಿರಂಜನರು ಸಂಪಾದಿಸಿದ ‘ಜ್ಞಾನಗಂಗೋತ್ರಿ’ ಕಿರಿಯರ ವಿಶ್ವಕೋಶವಾಗಿ ಏಳು ಸಂಪುಟಗಳಲ್ಲಿ ಬಂತು, ಎಷ್ಟೋ ವಿದ್ವಾಂಸರು ಅದಕ್ಕೆ ಬರೆದರು. ರಾಷ್ಟ್ರೋತ್ಥಾನದವರ ‘ಭಾರತ ಭಾರತಿ’ ಮಾಲೆಯಲ್ಲಿ ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ 510 ಕಿರುಹೊತ್ತಗೆಗಳು ಬಂದವು. ನೀವು ಹೇಳುವ ವಯಸ್ಸಿನ ಮಕ್ಕಳೇ ಅವನ್ನು ಕೈಯಿಂದ ಕೈಗೆ ದಾಟಿಸಿಕೊಂಡು ಓದಿದ್ದು. ಅಂದಮೇಲೆ ನೀವು ಹೊಸದೇನನ್ನೂ ಹೇಳುತ್ತಿಲ್ಲ. ಆ ಕೂಟಗಳಿಂದ ಏನಾಯಿತು ಅನ್ನುವುದನ್ನೂ ನೋಡಿದ್ದೇವೆ. ಹಲವರು ಸೇರಿ ಮಕ್ಕಳಿಗೆ ಬರೆದಾಗ ಉಪದೇಶದ ಕಡೆಗೆ ವಾಲುತ್ತಾರೆ. ಎಲ್ಲರೂ ಒಪ್ಪುವಂಥದ್ದು ಉಪದೇಶ ಒಂದೇ ಆದ್ದರಿಂದ.

ಸಂಪಾದಕಿ: ನೀವು ಹೆಸರಿಸಿದ ಕೆಲಸಗಳ ಮೇಲೆ ನನಗೆ ದೊಡ್ಡ ಗೌರವವಿದೆ, ಅವುಗಳಿಂದಲೇ ನನ್ನ ವಾದ ಬಲವಾಗುತ್ತದೆ. 510 ಪುಸ್ತಕಗಳ ಮಾಲೆ ಏನನ್ನು ತೋರಿಸಿಕೊಟ್ಟಿತು ಹೇಳಿ. ಒಂದೇ ಆಕಾರ, ಕೈಗೆಟಕುವ ಬೆಲೆ, ಒಂದು ಮುಗಿದರೆ ಇನ್ನೊಂದು ಇದೆ ಅನ್ನುವ ಭರವಸೆ ಇದ್ದರೆ ಕನ್ನಡದ ಮಕ್ಕಳು ಮಾಲೆಗಟ್ಟಲೆ ಓದುತ್ತಾರೆ. ಬರೆದವರು ಯಾರು ಅಂತ ಆ ಮಕ್ಕಳು ನೋಡಲೇ ಇಲ್ಲ, ಮಾಲೆಯನ್ನು ನಂಬಿದರು. ಆದರೆ ನಾವು ಕೂಡಿಕೊಂಡದ್ದು ಯಾವುದಕ್ಕೆ? ತಿಳಿವಳಿಕೆಗೆ, ಮಹನೀಯರ ಚರಿತ್ರೆಗೆ. ಕತೆಯನ್ನು ಒಬ್ಬೊಬ್ಬ ಪ್ರತಿಭಾವಂತನ ಪಾಲಿಗೆ ಬಿಟ್ಟೆವು. ಈ ವಯಸ್ಸಿನವರ ಕಾದಂಬರಿ ನಮ್ಮಲ್ಲಿ ಅಲ್ಲೊಂದು ಇಲ್ಲೊಂದು ಬಂದದ್ದು ಅದರಿಂದಲೇ. ಉಪದೇಶ ನುಗ್ಗುವುದು ಹಲವರು ಸೇರಿದ್ದರಿಂದ ಅಂತೀರಿ. ನನಗೆ ಹಾಗನ್ನಿಸುವುದಿಲ್ಲ. ಒಬ್ಬರೇ ಕೂತು ಬರೆದ ನೀತಿಕತೆಗಳು ನಮ್ಮಲ್ಲಿ ಕಡಿಮೆಯೇ? ಉಪದೇಶ ನುಗ್ಗುವುದು ಪುಸ್ತಕ ಕೊಳ್ಳುವವನು ಮತ್ತು ಓದುವವನು ಬೇರೆಯಾದಾಗ. ಕೊಳ್ಳುವವರು ಅಪ್ಪ ಅಮ್ಮ, ಶಾಲೆ, ಇಲಾಖೆ. ಒಂಟಿ ಲೇಖಕನಿಗೆ ಗೊತ್ತಿರುವುದು ಅವರೇ, ಮಗುವಿನ ಮುಖ ಅವನಿಗೆ ಕಾಣುವುದೇ ಇಲ್ಲ. ‘ಸಂದೇಶ್’ನಲ್ಲಿ ‘ಹಾತ್ ಪಾಕಾಬಾರ್ ಆಸರ್’ ಅಂತ ಒಂದು ವಿಭಾಗವಿತ್ತು. ಓದುವ ಮಕ್ಕಳೇ ಬರೆದು ಕೈ ಪಳಗಿಸಿಕೊಳ್ಳುವ ಜಾಗ. ಇನ್ನೊಂದು ವಿಭಾಗದಲ್ಲಿ ಜೀಬನ್ ಸರ್ದಾರ್ ಎಂಬ ಹೆಸರಿನಲ್ಲಿ ಒಬ್ಬರು ಮಕ್ಕಳಿಂದ ಗಿಡ, ಹಕ್ಕಿ, ಹುಳುಗಳನ್ನು ಗಮನಿಸಿ ಬರೆಸುತ್ತಿದ್ದರು. ತಿಂಗಳು ತಿಂಗಳು ಮಕ್ಕಳ ಕೈಬರಹ ಓದುವ ಲೇಖಕರ ಗುಂಪಿಗೆ ಹನ್ನೊಂದು ವರ್ಷದವರು ಏನು ಯೋಚಿಸುತ್ತಾರೆ ಅಂತ ಊಹಿಸಬೇಕಾಗಿರಲಿಲ್ಲ. ಒಬ್ಬ ಲೇಖಕ ಇಂಥ ಏರ್ಪಾಡು ಮಾಡಿಕೊಂಡು ವರ್ಷಗಟ್ಟಲೆ ನಡೆಸಲಾರ. ಹತ್ತು ಜನ ಹಂಚಿಕೊಂಡರೆ ನಡೆಸಬಹುದು.

ಮೇಷ್ಟ್ರು: ಈಗ ನನ್ನ ನಿಜವಾದ ಅಂಜಿಕೆ ಹೇಳುತ್ತೇನೆ. ಲೇಖಕರು ಲೇಖಕರ ಪುಸ್ತಕವನ್ನು ಹೊಗಳತೊಡಗಿದರೆ ಓದುಗನಿಗೆ ಯಾವ ಮಾತನ್ನು ನಂಬಬೇಕು ಅಂತ ತಿಳಿಯುವುದಿಲ್ಲ. ನೀವು ನನ್ನದಕ್ಕೆ ಮುನ್ನುಡಿ ಬರೆಯಿರಿ, ನಾನು ನಿಮ್ಮದಕ್ಕೆ ಬೆನ್ನುಡಿ ಬರೆಯುತ್ತೇನೆ ಅನ್ನುವ ಲೇವಾದೇವಿ ದೊಡ್ಡವರ ಸಾಹಿತ್ಯವನ್ನು ಎಷ್ಟು ಹಾಳು ಮಾಡಿದೆ ಅಂತ ನಿಮಗೆ ಗೊತ್ತಿದೆ. ದೊಡ್ಡ ಓದುಗ ಮೋಸ ಹೋದರೆ ಒಂದು ಪುಸ್ತಕ ಎಸೆದು ಇನ್ನೊಂದು ಹಿಡಿಯುತ್ತಾನೆ. ಮಗುವಿಗೆ ಮೂರು ಸಲ ಸಪ್ಪೆ ಪುಸ್ತಕ ಕೊಟ್ಟರೆ ಅದು ಪುಸ್ತಕವೆಂಬುದನ್ನೇ ಬಿಟ್ಟುಬಿಡುತ್ತದೆ.

ಸಂಪಾದಕಿ: ಈ ಅಂಜಿಕೆ ನನಗೂ ಇದೆ, ಅದಕ್ಕೆ ಪೂರ್ತಿ ಮದ್ದು ನನ್ನ ಹತ್ತಿರ ಇಲ್ಲ. ಕಟ್ಟುಪಾಡು ಹಾಕಿಕೊಳ್ಳಬಹುದು. ತನ್ನ ಪುಸ್ತಕವನ್ನು ತಾನು ಎಲ್ಲಿಯೂ ಪರಿಚಯಿಸಬಾರದು. ಶಾಲೆಗೆ, ಗ್ರಂಥಾಲಯಕ್ಕೆ ಹೋದ ಲೇಖಕ ಬೇರೆಯವರ ಮೂರು ಪುಸ್ತಕ ಓದಿ ಹೇಳಬೇಕು, ತನ್ನದನ್ನು ಚೀಲದಿಂದ ತೆಗೆಯಬಾರದು. ಶಿಫಾರಸು ಮಾಡುವ ಪಟ್ಟಿಯಲ್ಲಿ ಸದಸ್ಯರಲ್ಲದವರ ಪುಸ್ತಕಗಳು, ತೀರಿಕೊಂಡವರ ಪುಸ್ತಕಗಳು, ಅನುವಾದಗಳು ಸದಸ್ಯರ ಪುಸ್ತಕಗಳಿಗಿಂತ ಹೆಚ್ಚಿರಬೇಕು. ಈ ವಯಸ್ಸಿಗೆಂದೇ ಬರೆಯದಿದ್ದರೂ ಈ ವಯಸ್ಸಿನವರು ತಮ್ಮದಾಗಿಸಿಕೊಂಡ ಪುಸ್ತಕಗಳೂ ಅದರಲ್ಲಿರಬೇಕು. ತೇಜಸ್ವಿಯವರ ‘ಪರಿಸರದ ಕತೆ’ಯನ್ನು ಹನ್ನೆರಡು ವರ್ಷದವರು ಕಿವಿ, ಮಾರ, ಪ್ಯಾರ ಅಂತ ಹೆಸರು ಹಿಡಿದು ಮಾತಾಡುವಷ್ಟು ಹಚ್ಚಿಕೊಳ್ಳುತ್ತಾರೆ, ಅದನ್ನು ಮಕ್ಕಳ ಸಾಹಿತ್ಯದ ಕಪಾಟಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಇಂಥ ಪುಸ್ತಕವನ್ನು ಗುರುತಿಸಿ ಮಗುವಿನ ಕೈಗಿಡುವುದು ಪ್ರಚಾರವಲ್ಲ. ಓದು ಬಲ್ಲ ಹಿರಿಯರು ಯಾವತ್ತೂ ಮಾಡಿಕೊಂಡು ಬಂದ ಕೆಲಸ. ಆದರೆ ಒಂದು ಪುಸ್ತಕ ಚೆನ್ನಾಗಿಲ್ಲ ಅನ್ನುವುದನ್ನು ಜೊತೆಗಾರ ಲೇಖಕ ಬಹಿರಂಗವಾಗಿ ಹೇಳುವುದಿಲ್ಲ, ಇದು ಕೂಟದ ನಿಜವಾದ ದೌರ್ಬಲ್ಯ. ಅದಕ್ಕೆ ಆಯ್ಕೆಯ ಕೊನೆಯ ಮಾತು ಲೇಖಕರ ಕೈಯಲ್ಲಿ ಇರಬಾರದು. ಗ್ರಂಥಪಾಲಕರು, ಶಿಕ್ಷಕರು, ಓದಿದ ಮಕ್ಕಳು ಹೇಳಬೇಕು. ಲೇಖಕರು ಮುದ್ರಣಕ್ಕೆ ಮುಂಚೆ ಹಸ್ತಪ್ರತಿಯನ್ನು ಒಬ್ಬರಿಗೊಬ್ಬರು ಓದಿ ನಿಷ್ಠುರವಾಗಿ ಹೇಳಿಕೊಳ್ಳಲಿ. ನಿಷ್ಠುರತೆಗೆ ಸರಿಯಾದ ಜಾಗ ಅದು. ಅಚ್ಚಾದ ಮೇಲೆ ಹೇಳಿದರೆ ಮನಸ್ತಾಪ, ಅಚ್ಚಿಗೆ ಮುಂಚೆ ಹೇಳಿದರೆ ಉಪಕಾರ.

ಮೇಷ್ಟ್ರು: ಸರಿ. ಆದರೆ ಪುಸ್ತಕವನ್ನು ಓದುಗನಿಗೆ ಮುಟ್ಟಿಸುವುದು ಸರ್ಕಾರದ ಕೆಲಸ ಅಲ್ಲವೇನಮ್ಮ? ಸಗಟು ಖರೀದಿ ಇದೆ, ಗ್ರಂಥಾಲಯ ಕರ ಇದೆ. ಲೇಖಕರೇ ಪುಸ್ತಕ ಹೊತ್ತು ತಿರುಗತೊಡಗಿದರೆ ಆ ಹೊಣೆಯಿಂದ ಇಲಾಖೆಗೆ ಬಿಡುಗಡೆ ಕೊಟ್ಟಂತಾಗುತ್ತದೆ. ಇನ್ನೊಂದು ಮಾತು. ಪಟ್ಟಣದಲ್ಲಿ ಈ ವಯಸ್ಸಿನ ಮಕ್ಕಳು ಓದುವುದೇ ಇಂಗ್ಲಿಷಿನಲ್ಲಿ. ನೀವು ಯಾರಿಗಾಗಿ ಕೂಟ ಕಟ್ಟುತ್ತೀರಿ?

ಸಂಪಾದಕಿ: ಸರ್ಕಾರದ ಹೊಣೆ ಸರ್ಕಾರದ್ದೇ, ಅದನ್ನು ಕೇಳುವುದಕ್ಕೂ ಒಂಟಿ ದನಿಗಿಂತ ಕೂಡಿದ ದನಿ ಮೇಲು. ಸಗಟು ಖರೀದಿಯಲ್ಲಿ ಪುಟದ ಲೆಕ್ಕದ ಮೇಲೆ ಬೆಲೆ ಕಟ್ಟುವಾಗ ದೊಡ್ಡ ಅಕ್ಷರ, ಒಳ್ಳೆಯ ಚಿತ್ರ, ಗಟ್ಟಿ ರಟ್ಟು ಬಯಸುವ ಮಕ್ಕಳ ಪುಸ್ತಕ ಪೆಟ್ಟು ತಿನ್ನುತ್ತದೆ. ಇದರ ಬಗ್ಗೆ ಒಬ್ಬ ಲೇಖಕ ಅರ್ಜಿ ಬರೆದರೆ ಅದು ಕಡತದಲ್ಲಿ ಮಲಗುತ್ತದೆ. ಆದರೆ ಸರ್ಕಾರದಿಂದ ಆಗಿರುವ ಒಳ್ಳೆಯದನ್ನೂ ನೋಡಬೇಕು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. ಮರುವರ್ಷ, ಕೋವಿಡ್‌ನಿಂದ ಶಾಲೆ ಮುಚ್ಚಿದ್ದಾಗ, ‘ಓದುವ ಬೆಳಕು’ ಅಂತ ಕಾರ್ಯಕ್ರಮ ಶುರುವಾಗಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಈಗ ಅವನ್ನು ಅರಿವು ಕೇಂದ್ರ ಅಂತ ಕರೆಯುತ್ತಾರೆ. ರಾಜ್ಯದಲ್ಲಿ 5,600ಕ್ಕೂ ಹೆಚ್ಚಿವೆ. ಓದುವ ಕೋಣೆ ಇದೆ, ಕಪಾಟಿದೆ, ಸಂಜೆ ಬಂದು ಕೂರುವ ಮಕ್ಕಳಿದ್ದಾರೆ. ಯಾವ ಪುಸ್ತಕ ಯಾವ ಮಗುವಿಗೆ ಅಂತ ಹೇಳುವ ಒಬ್ಬ ಮನುಷ್ಯ ಬೇಕು. ಇಲಾಖೆಯ ಸುತ್ತೋಲೆಯಿಂದ ಆಗದ ಕೆಲಸ ಅದೊಂದೇ. ಒಬ್ಬ ಲೇಖಕ ಇಷ್ಟೂ ಕಡೆ ಹೋಗಲಾರ. ಆದರೆ ಈಗ ಈ ವಯಸ್ಸಿಗೆ ಬರೆಯುತ್ತಿರುವವರು ಬೆಂಗಳೂರಿನಲ್ಲಿ ಒಟ್ಟುಗೂಡಿ ಕೂತಿಲ್ಲ, ನಾಡಿನ ಉದ್ದಗಲಕ್ಕೂ ಚದುರಿದ್ದಾರೆ. ‘ಓಡಿ ಹೋದ ಹುಡುಗ’ ಬರೆದ ಬಸು ಬೇವಿನಗಿಡದ, ‘ಬಾವಲಿ ಗುಹೆ’ ಬರೆದ ತಮ್ಮಣ್ಣ ಬೀಗಾರ, ‘ಸೂರಕ್ಕಿ ಗೇಟ್’ ಬರೆದ ವಿಜಯಶ್ರೀ ಹಾಲಾಡಿ, ‘ಛೂಮಂತ್ರಯ್ಯನ ಕಥೆಗಳು’ ಬರೆದ ಕೃಷ್ಣಮೂರ್ತಿ ಬಿಳಿಗೆರೆ, ‘ನೋಟ್‌ಬುಕ್’ ಬರೆದ ಕೆ. ಶಿವಲಿಂಗಪ್ಪ ಹಂದಿಹಾಳು, 2021ರಿಂದ 2025ರವರೆಗೆ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂದ ಐವರು. ಧಾರವಾಡದ ಕಡೆಯವರು, ಮಲೆನಾಡಿನವರು, ಕರಾವಳಿಯವರು, ಬಯಲುಸೀಮೆಯವರು. ಒಬ್ಬೊಬ್ಬರ ಪುಸ್ತಕ ಅವರವರ ಸೀಮೆಯ ಆಚೆ ಎಷ್ಟು ಮಕ್ಕಳನ್ನು ಮುಟ್ಟಿದೆ? ಪ್ರಶಸ್ತಿ ಒಬ್ಬರನ್ನು ಒಂದು ದಿನ ವೇದಿಕೆಗೆ ಕರೆಯುತ್ತದೆ. ಉಳಿದ ದಿನ ಬಳ್ಳಾರಿಯ ಲೇಖಕನ ಪುಸ್ತಕವನ್ನು ಕುಂದಾಪುರದ ಮಗುವಿಗೆ ಓದಿ ಹೇಳುವವರು ಕುಂದಾಪುರದಲ್ಲಿರುವ ಲೇಖಕಿಯೇ ಆಗಬೇಕು, ಆಕೆಯ ಪುಸ್ತಕವನ್ನು ಬಳ್ಳಾರಿಯಲ್ಲಿ ಆ ಲೇಖಕ ಓದಿ ಹೇಳಬೇಕು. ಆ ಅದಲುಬದಲಿಗೇ ನಾನು ಕೂಟ ಅನ್ನುತ್ತಿರುವುದು.

ಇಂಗ್ಲಿಷಿನ ಮಾತು ಇನ್ನೂ ಗಹನವಾದದ್ದು. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಹನ್ನೊಂದು ವರ್ಷದ ಮಗು ಮನೆಯಲ್ಲಿ ನೀರು ಕುಡಿದಷ್ಟು ಸಲೀಸಾಗಿ ಕನ್ನಡ ಮಾತಾಡುತ್ತದೆ, ಕನ್ನಡ ಓದಲು ಕೂತರೆ ಒತ್ತಕ್ಷರದಲ್ಲಿ ಎಡವುತ್ತದೆ. ಓದುವ ವೇಗ ಮೂರನೆಯ ತರಗತಿಯದು, ಬುದ್ಧಿ ಆರನೆಯ ತರಗತಿಯದು. ಅದರ ಓದಿನ ವೇಗಕ್ಕೆ ಹೊಂದುವ ಕನ್ನಡ ಪುಸ್ತಕ ಕೊಟ್ಟರೆ ಒಳಗಿರುವುದು ಮೊಲ, ಆಮೆ, ಮಗುವಿಗೆ ಅವಮಾನವಾಗುತ್ತದೆ. ಅದರ ಬುದ್ಧಿಗೆ ಹೊಂದುವ ಪುಸ್ತಕ ಕೊಟ್ಟರೆ ವಾಕ್ಯ ಅರ್ಧ ಪುಟದ್ದು, ಮಗು ದಣಿಯುತ್ತದೆ. ಅದು ಕನ್ನಡವನ್ನು ತಿರಸ್ಕರಿಸಿತು ಅಂತ ನಾವು ದೂರುತ್ತೇವೆ; ನಾವು ಅದಕ್ಕೆ ಓದಲು ಏನನ್ನೂ ಕೊಟ್ಟೇ ಇಲ್ಲ. ಬೇಕಾದದ್ದು ಚಿಕ್ಕ ವಾಕ್ಯಗಳಲ್ಲಿ ದೊಡ್ಡ ವಿಷಯ ಹೇಳುವ ಪುಸ್ತಕ. ಸ್ನೇಹ ಮುರಿಯುವುದು, 
ಅಪ್ಪನ ಸಾಲ, ಊರು ಬಿಡುವುದು, ಜಾತಿಯ ಕಾರಣಕ್ಕೆ ಗೆಳತಿಯ ಮನೆಯ ಹೊಸ್ತಿಲಲ್ಲಿ ನಿಲ್ಲಬೇಕಾಗುವುದು, ಮೈ ಬದಲಾಗುವ ಗಾಬರಿ. ಇವನ್ನೆಲ್ಲ ಎರಡು ಮೂರು ಪುಟದ ಅಧ್ಯಾಯಗಳಲ್ಲಿ, ಆಡುಮಾತಿನ ಕನ್ನಡದಲ್ಲಿ ಹೇಳುವ ಕಸುಬು ಬೇರೆಯೇ. ಯಾವ ಸೀಮೆಯ ಆಡುಮಾತು, ಎಷ್ಟು ಸಂಭಾಷಣೆ, ಅಚ್ಚಿನಲ್ಲಿ ಸಾಲಿನ ನಡುವೆ ಎಷ್ಟು ಜಾಗ, ಇದನ್ನು ಪ್ರಯೋಗ ಮಾಡಿ, ಮಕ್ಕಳಿಂದ ಓದಿಸಿ, ತಿದ್ದಿ ಕಲಿಯಬೇಕು. ಒಬ್ಬೊಬ್ಬರೇ ಕಲಿತರೆ ಒಬ್ಬೊಬ್ಬರಿಗೂ ಹತ್ತು ವರ್ಷ. ಅಷ್ಟರಲ್ಲಿ ಎರಡು ಮೂರು ಪೀಳಿಗೆಯ ಓದುಗರು ದಾಟಿಹೋಗಿರುತ್ತಾರೆ. ಒಬ್ಬರು ಕಲಿತದ್ದನ್ನು ಇನ್ನೊಬ್ಬರಿಗೆ ದಾಟಿಸುವ ಅವಸರ ಈ ಸಾಹಿತ್ಯಕ್ಕೆ ಇರುವಷ್ಟು ಬೇರೆ ಯಾವುದಕ್ಕೂ ಇಲ್ಲ.

ಮೇಷ್ಟ್ರು: ಈ ಕೊನೆಯ ಮಾತು ನನ್ನನ್ನು ಅಲ್ಲಾಡಿಸಿತು. ಬರೆಯುವುದು ಒಂಟಿ ಕೆಲಸ ಅನ್ನುವುದನ್ನು ನಾನು ಬಿಡುವುದಿಲ್ಲ. ಆದರೆ ಕಲಿಯುವುದು ಒಂಟಿ ಕೆಲಸವಾಗಬೇಕಿಲ್ಲ ಅನ್ನುವುದನ್ನು ಒಪ್ಪುತ್ತೇನೆ. ಒಂದು ಕೊರತೆ ಮಾತ್ರ ಹೇಳಲೇಬೇಕು. ಇಷ್ಟು ಹೊತ್ತೂ ಲೇಖಕರು, ಲೇಖಕರು ಅಂದಿರಿ. ‘ಸಂದೇಶ್’ ಶುರು ಮಾಡಿದವರು ಚಿತ್ರ ಬರೆಯುವವರು, ಬ್ಲಾಕ್ ಮಾಡುವವರು. ಸುಕುಮಾರ್ ತಮ್ಮ ವಿಚಿತ್ರ ಪ್ರಾಣಿಗಳನ್ನು ತಾವೇ ಬರೆದರು, ಸತ್ಯಜಿತ್ ಶೋಂಕುವಿನ ಗಡ್ಡವನ್ನು ತಾವೇ ಬರೆದರು. ನಮ್ಮ ಮಕ್ಕಳ ಕಾದಂಬರಿಗಳಲ್ಲಿ ಚಿತ್ರಕಾರನ ಹೆಸರು ಒಳಪುಟದ ಮೂಲೆಯಲ್ಲಿ ಸಣ್ಣಕ್ಷರದಲ್ಲಿರುತ್ತದೆ, ಕೆಲವೊಮ್ಮೆ ಅದೂ ಇರುವುದಿಲ್ಲ. ಈ ವಯಸ್ಸಿನ ಪುಸ್ತಕಕ್ಕೆ ಚಿತ್ರ ಅಲಂಕಾರವಲ್ಲ. ಒತ್ತಕ್ಷರದಲ್ಲಿ ಎಡವಿದ ಮಗುವನ್ನು ಮುಂದಿನ ಪುಟಕ್ಕೆ ಕೈಹಿಡಿದು ದಾಟಿಸುವುದು ಅದೇ.

ಸಂಪಾದಕಿ: ನನ್ನ ಮಾತಿನಲ್ಲಿ ಬಿಟ್ಟುಹೋದದ್ದನ್ನು ಸರಿಯಾಗಿ ಹಿಡಿದಿರಿ. ವ್ಯಂಗ್ಯಚಿತ್ರಕಾರ ಶಂಕರ್ ಅವರು ದೆಹಲಿಯಲ್ಲಿ 1981ರಲ್ಲಿ ಮಕ್ಕಳ ಲೇಖಕರ ಸಂಘ ಕಟ್ಟಿದಾಗ ಚಿತ್ರಕಾರರನ್ನೂ ಸದಸ್ಯರನ್ನಾಗಿ ಸೇರಿಸಿ, ಸಂಘದ ಹೆಸರಿನಲ್ಲೇ ಅವರನ್ನೂ ಕೂಡಿಸಿದ್ದರು. ನಮ್ಮಲ್ಲಿಯೂ ಚಿತ್ರಕಾರರು ಸಂಭಾವನೆಗೆ ಕರೆಸಿಕೊಂಡವರಾಗದೆ, ಗೌರವಧನದಲ್ಲೂ ತೀರ್ಮಾನದಲ್ಲೂ ಪಾಲಿರುವ ಸದಸ್ಯರಾಗಬೇಕು. ಹಸ್ತಪ್ರತಿ ಅಚ್ಚಿಗೆ ಹೋಗುವ ವಾರದಲ್ಲಿ ಅವರಿಗೆ ಕಳಿಸಿ ನಾಲ್ಕು ಚಿತ್ರ ಕೇಳುವ ಪದ್ಧತಿ ಬಿಡಬೇಕು. ಮೊದಲ ಕರಡು ಓದಲು ಕೂರುವಾಗಲೇ ಅವರೂ ಕೂರಬೇಕು. ಮಗುವಿಗೆ ಎಲ್ಲಿ ಮಾತು ಸಾಕು, ಎಲ್ಲಿ ಗೆರೆ ಬೇಕು ಅಂತ ಅವರು ಹೇಳಿದಂತೆ ವಾಕ್ಯಗಳನ್ನು ಹೊಡೆದುಹಾಕಲು ಬರೆದವರು ಒಪ್ಪಬೇಕು.

ಮೇಷ್ಟ್ರು: ಅದನ್ನು ನಿಯಮಾವಳಿಯಲ್ಲಿ ಬರೆಯಿರಿ, ಮೊದಲನೆಯ ಕಲಮಾಗಿ. ನನ್ನ ಸಹಿ ಅದರ ಕೆಳಗೆ ಹಾಕುತ್ತೇನೆ.